ಮೆಟ್ಟಿಲು ಹತ್ತಿದವರ ಹೃದಯ

ಮೈಗೆ ಚಲನೆ ಕೊಟ್ಟರೆ ಹೃದಯಕ್ಕೆ ಒಳ್ಳೆಯದೆಂಬ ಮಾತು ಇಂದು ಯಾರೂ ಪ್ರಶ್ನಿಸದಷ್ಟು ಸಾಮಾನ್ಯವಾಗಿದ್ದರೂ, ಅದಕ್ಕೆ ಎಣಿಕೆಯ ಆಧಾರ ದೊರೆತದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಆ ಆಧಾರದ ಬಹುಪಾಲು ಸಂಬಳಕ್ಕಾಗಿ ದುಡಿಯುತ್ತಿದ್ದ ಬಸ್ ಕಂಡಕ್ಟರುಗಳ, ಅಂಚೆ ಹಂಚುವವರ, ಬಂದರಿನ ಹಮಾಲರ ರಜೆಯ ದಾಖಲೆ, ವೈದ್ಯರ ಚೀಟಿ ಮತ್ತು ಮರಣಪತ್ರಗಳಿಂದ ಬಂದಿತು. ಅವರ ದುಡಿಮೆ ಒದಗಿಸಿದ ಜ್ಞಾನದ ಫಲವನ್ನು ಮುಂದೆ ಹೆಚ್ಚಾಗಿ ಉಂಡವರು ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವ ವರ್ಗದವರು ಎಂಬುದನ್ನು ಈ ವಿಜ್ಞಾನದ ಚರಿತ್ರೆ ಬರೆಯುವಾಗ ಮರೆಯಲಾಗದು.

ಕೆಲಸಕ್ಕೂ ಕಾಯಿಲೆಗೂ ನಂಟಿದೆಯೆಂಬ ಅರಿವು ಅದಕ್ಕಿಂತ ಬಹಳ ಹಳೆಯದು. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿ 1700ರಲ್ಲಿ ಮೊಡೆನಾ ನಗರದಲ್ಲಿ ಪ್ರಕಟಿಸಿದ ಕಸುಬುದಾರರ ರೋಗಗಳ ಕುರಿತ ಗ್ರಂಥದಲ್ಲಿ, ದಿನವಿಡೀ ಕುಳಿತೇ ದುಡಿಯುವ ದರ್ಜಿಗಳು ಮತ್ತು ಮೋಚಿಗಳ ದೇಹಸ್ಥಿತಿಯನ್ನು ವಿವರಿಸಿ, ಅವರು ಹಬ್ಬದ ದಿನಗಳಲ್ಲಾದರೂ ಮೈ ಆಡಿಸಬೇಕೆಂದು ಸಲಹೆ ನೀಡಿದ್ದನು. ಆದರೆ ಅದು ಕಣ್ಣಳತೆಯ ಅರಿವಾಗಿತ್ತು. ಕುಳಿತವರೆಷ್ಟು ಜನ, ನಡೆದವರೆಷ್ಟು ಜನ, ಅವರಲ್ಲಿ ಯಾವ ವಯಸ್ಸಿನಲ್ಲಿ ಎಷ್ಟು ಮಂದಿ ಯಾವ ರೋಗದಿಂದ ಸತ್ತರು ಎಂದು ಎಣಿಸಿ ಹೋಲಿಸುವ ಕ್ರಮ, ಅಂದರೆ ಇಂದು ಎಪಿಡೆಮಿಯಾಲಜಿ ಎಂದು ಕರೆಯಲಾಗುವ ಶಾಸ್ತ್ರ, ಆಗಿನ್ನೂ ಹುಟ್ಟಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ವೈದ್ಯರ ಮುಂದೆ ಒಂದು ಒಗಟು ಇತ್ತು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಪರಿಧಮನಿಗಳು ಕಿರಿದಾಗಿ ಅಥವಾ ಮುಚ್ಚಿಹೋಗಿ ಉಂಟಾಗುವ ಹೃದಯಾಘಾತವು ನಡುವಯಸ್ಸಿನ ಗಂಡಸರನ್ನು ಹೆಚ್ಚು ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿತ್ತು, ಕಾರಣ ಮಾತ್ರ ಸ್ಪಷ್ಟವಿರಲಿಲ್ಲ. ಆಘಾತಕ್ಕೆ ಒಳಗಾದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡದಿರುವುದೇ ಅಂದಿನ ರೂಢಿಯ ಚಿಕಿತ್ಸೆಯಾಗಿತ್ತು. 1952ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬಹುದೆಂದು ಹೇಳಿದ್ದೇ ಸಾಹಸವೆನಿಸುವ ಕಾಲವದು. ಇಂಥ ಸಮಯದಲ್ಲಿ, 1948ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಸಾಮಾಜಿಕ ವೈದ್ಯಶಾಸ್ತ್ರದ ಒಂದು ಘಟಕವನ್ನು ತೆರೆದು ಜೆರಿ ಮೋರಿಸ್ ಎಂಬ ವೈದ್ಯರಿಗೆ ಅದರ ಹೊಣೆ ಒಪ್ಪಿಸಿತು. ಪೂರ್ವ ಯುರೋಪಿನಿಂದ ವಲಸೆ ಬಂದ ಯೆಹೂದಿ ಕುಟುಂಬದಲ್ಲಿ 1910ರಲ್ಲಿ ಹುಟ್ಟಿ ಗ್ಲಾಸ್ಗೋ ನಗರದಲ್ಲಿ ಬೆಳೆದ ಮೋರಿಸ್, ಯುದ್ಧಕಾಲದಲ್ಲಿ ಸೇನಾ ವೈದ್ಯರಾಗಿ ಭಾರತದಲ್ಲಿಯೂ ಸೇವೆ ಸಲ್ಲಿಸಿದ್ದರು. ರೋಗದ ಬೇರನ್ನು ರೋಗಿಯ ದೇಹದಲ್ಲಷ್ಟೇ ಅಲ್ಲದೆ ಅವನು ಬದುಕುವ, ದುಡಿಯುವ ರೀತಿಯಲ್ಲಿಯೂ ಹುಡುಕಬೇಕೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಮೋರಿಸ್ ಮತ್ತು ಸಂಗಡಿಗರು ಹಲವು ಕಸುಬುಗಳ ದಾಖಲೆಗಳನ್ನು ತರಿಸಿಕೊಂಡರು. ಅವುಗಳಲ್ಲಿ ಲಂಡನ್ನಿನ ಸಾರಿಗೆ ಸಂಸ್ಥೆಯ ದಾಖಲೆಯೇ ಎಲ್ಲಕ್ಕಿಂತ ಮೊದಲು ಮಾತನಾಡಿತು. ಅಲ್ಲಿನ ಎರಡಂತಸ್ತಿನ ಬಸ್ಸಿನಲ್ಲಿ ಇಬ್ಬರು ಕೆಲಸಗಾರರಿರುತ್ತಿದ್ದರು. ಚಾಲಕನು ಮುಂಭಾಗದ ಪ್ರತ್ಯೇಕ ಗೂಡಿನಲ್ಲಿ ತನ್ನ ಪಾಳಿಯ ಬಹುತೇಕ ಹೊತ್ತು ಕುಳಿತೇ ಇರುತ್ತಿದ್ದರೆ, ಕಂಡಕ್ಟರನು ಟಿಕೇಟು ಕೊಡಲು ಕೆಳಗಿನ ಅಂತಸ್ತಿನಲ್ಲಿ ಓಡಾಡಿ, ತಿರುಚು ಮೆಟ್ಟಿಲುಗಳನ್ನು ಹತ್ತಿಳಿದು, ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಏರುತ್ತಿದ್ದನು. ಇಬ್ಬರೂ ಒಂದೇ ಸಂಸ್ಥೆಯ ನೌಕರರು, ಹೆಚ್ಚುಕಡಿಮೆ ಒಂದೇ ಸಾಮಾಜಿಕ ವರ್ಗಕ್ಕೆ ಸೇರಿದವರು, ಒಂದೇ ಬೀದಿಯ ಹೊಗೆಯನ್ನು ಉಸಿರಾಡುವವರು. ಹೀಗಾಗಿ ಅವರಿಬ್ಬರ ನಡುವಿನ ಎದ್ದು ಕಾಣುವ ಭೇದವು ದೇಹಶ್ರಮವೊಂದೇ ಎಂಬಂತಿದ್ದ ಈ ಜೋಡಿ ಯಾವ ಸಂಶೋಧಕನಿಗೂ ಬೇಡಿದರೆ ಸಿಗುವಂಥದ್ದಾಗಿರಲಿಲ್ಲ. 1949 ಮತ್ತು 1950ರಲ್ಲಿ 35ರಿಂದ 64 ವರ್ಷದೊಳಗಿನ ಸುಮಾರು 31,000 ಗಂಡಸರ ಆರೋಗ್ಯವನ್ನು ಗಮನಿಸಿದಾಗ, ಚಾಲಕರಲ್ಲಿ ವರ್ಷಕ್ಕೆ ಸಾವಿರಕ್ಕೆ 2.7ರಷ್ಟಿದ್ದ ಪರಿಧಮನಿ ರೋಗ ಕಂಡಕ್ಟರುಗಳಲ್ಲಿ 1.9ರಷ್ಟಿತ್ತು. ಅದಕ್ಕಿಂತಲೂ ಗಂಭೀರವಾದ ಸಂಗತಿಯೆಂದರೆ, ಕಂಡಕ್ಟರುಗಳಿಗೆ ರೋಗ ಬಂದಾಗಲೂ ಅದು ತಡವಾಗಿ, ಸೌಮ್ಯ ರೂಪದಲ್ಲಿ ಬರುತ್ತಿತ್ತು. ಆಘಾತವಾದ ಕೂಡಲೇ ಸಾಯುವವರ ಪ್ರಮಾಣ ಚಾಲಕರಲ್ಲಿಯೇ ಹೆಚ್ಚಾಗಿತ್ತು.

ಈ ಅಂಕಿಗಳು ಕೈಗೆ ಬಂದ ಕೂಡಲೇ ಮೋರಿಸ್ ಪ್ರಕಟಣೆಗೆ ಧಾವಿಸಲಿಲ್ಲ. ಬಸ್ ಓಡಿಸುವ ಮಾನಸಿಕ ಒತ್ತಡವೇ ಚಾಲಕರನ್ನು ಕೊಲ್ಲುತ್ತಿರಬಹುದೆಂಬ ಸಂದೇಹಕ್ಕೆ ಉತ್ತರ ಬೇಕಾಗಿತ್ತು. ಆದ್ದರಿಂದ ಅವರು ಅಂಚೆ ಇಲಾಖೆಯ ಲೆಕ್ಕ ಬರುವವರೆಗೆ ಕಾದರು. ನಡೆದು ಅಥವಾ ಸೈಕಲ್ಲಿನಲ್ಲಿ ಸಾಗಿ ಅಂಚೆ ಹಂಚುವವರಲ್ಲಿ, ಕುಳಿತು ಕೆಲಸ ಮಾಡುವ ಗುಮಾಸ್ತರು ಹಾಗೂ ಟೆಲಿಫೋನ್ ಆಪರೇಟರುಗಳಿಗಿಂತ ಹೃದಯಾಘಾತ ಕಡಿಮೆಯೆಂದು ಆ ಲೆಕ್ಕವೂ ತೋರಿಸಿದ ಮೇಲೆಯೇ, 1953ರ ನವೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಫಲಿತಾಂಶ ಹೊರಬಂದಿತು. ಈ ತಾಳ್ಮೆಯೇ ಆ ಸಂಶೋಧನೆಯ ದೊಡ್ಡ ಗುಣವೆಂದು ಹೇಳಬೇಕು, ಏಕೆಂದರೆ ಒಂದೇ ಕಸುಬಿನ ಅಂಕಿಯನ್ನು ಹಿಡಿದುಕೊಂಡು ಮಾಡಿದ ವಾದವಾಗಿದ್ದರೆ ಅದು ಮೊದಲ ಆಕ್ಷೇಪಕ್ಕೇ ಕುಸಿಯುತ್ತಿತ್ತು.

ಆಕ್ಷೇಪಗಳೇನೋ ಬಂದೇ ಬಂದವು. ಚಾಲಕನ ಕೆಲಸಕ್ಕೆ ಮೊದಲಿನಿಂದಲೇ ದಪ್ಪ ಮೈಯವರು ಸೇರುತ್ತಿದ್ದರೆ, ರೋಗಕ್ಕೆ ಕೆಲಸವನ್ನು ಹೊಣೆ ಮಾಡುವುದು ಹೇಗೆ ಸರಿಯಾಗುತ್ತದೆ ಎಂಬುದು ಅವುಗಳಲ್ಲಿ ಮುಖ್ಯವಾದುದು. ಈ ಪ್ರಶ್ನೆಗೆ ಉತ್ತರ ಹುಡುಕಲು ಮೋರಿಸ್ ಬಳಗ ಹಿಡಿದ ದಾರಿ ಅಚ್ಚರಿ ಹುಟ್ಟಿಸುವಷ್ಟು ಸರಳವಾಗಿತ್ತು. ಸಾರಿಗೆ ಸಂಸ್ಥೆಯು ತನ್ನ ನೌಕರರಿಗೆ ಸಮವಸ್ತ್ರ ಹೊಲಿಸಿ ಕೊಡುತ್ತಿದ್ದುದರಿಂದ ಪ್ರತಿಯೊಬ್ಬನ ಪ್ಯಾಂಟಿನ ಸೊಂಟದ ಅಳತೆ ಕಡತದಲ್ಲಿತ್ತು. ಆ ಕಡತಗಳನ್ನು ಆಧರಿಸಿ 1956ರಲ್ಲಿ ಪ್ರಕಟವಾದ ಲೇಖನವು, ಚಾಲಕರ ಸೊಂಟದ ಸುತ್ತಳತೆ ಎಲ್ಲ ವಯಸ್ಸಿನಲ್ಲಿಯೂ ಕಂಡಕ್ಟರುಗಳದ್ದಕ್ಕಿಂತ ಹೆಚ್ಚೆಂದು, ಈ ಭೇದ ಕಿರಿಯರಲ್ಲಿಯೂ ಇದೆಯೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು. 1967ರಲ್ಲಿ ಆರ್. ಎಂ. ಆಲಿವರ್ ಎಂಬ ಸಂಶೋಧಕರು ಯುವ ಬಸ್ ನೌಕರರನ್ನು ಪರೀಕ್ಷಿಸಿ ಮೈಕಟ್ಟಿನಲ್ಲಿ ಮಾತ್ರವಲ್ಲದೆ ರಕ್ತದ ಕೊಬ್ಬಿನಲ್ಲಿಯೂ ಅಂಥದೇ ಅಂತರವನ್ನು ಕಂಡರು. ಆದರೂ ತೆಳುವಾದವರು, ಸಾಧಾರಣ ಮೈಯವರು, ದಪ್ಪಗಿನವರು ಎಂದು ವಿಂಗಡಿಸಿ ನೋಡಿದಾಗ ಮೂರೂ ಗುಂಪುಗಳಲ್ಲಿ ಹಠಾತ್ ಸಾವು ಚಾಲಕರಲ್ಲಿಯೇ ಹೆಚ್ಚಾಗಿ ಉಳಿಯಿತು. ಮೈಕಟ್ಟು ವ್ಯತ್ಯಾಸದ ಒಂದು ಪಾಲನ್ನು ವಿವರಿಸಿತೇ ಹೊರತು ಇಡೀ ವ್ಯತ್ಯಾಸವನ್ನು ನುಂಗಲಿಲ್ಲ.

ದುಡಿಮೆ ಹೃದಯದೊಳಗೆ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಮೋರಿಸ್ ಮತ್ತು ಮಾರ್ಗರೆಟ್ ಕ್ರಾಫರ್ಡ್ ದೇಶದ ಉದ್ದಗಲದ ಆಸ್ಪತ್ರೆಗಳಿಂದ ಶವಪರೀಕ್ಷೆಯ ವರದಿಗಳನ್ನು ಕಲೆಹಾಕಿ 1958ರಲ್ಲಿ ಪ್ರಕಟಿಸಿದರು. ರಕ್ತ ಸಾಲದೆ ಹೃದಯದ ಸ್ನಾಯುವಿನಲ್ಲಿ ಉಳಿಯುವ ಗಾಯದ ಕಲೆಗಳು ಭಾರಿ ದೇಹಶ್ರಮದ ಕಸುಬಿನವರಲ್ಲಿ ಕಡಿಮೆಯಿದ್ದರೂ, ಧಮನಿಯ ಗೋಡೆಗೆ ಕೊಬ್ಬು ಮೆತ್ತಿಕೊಳ್ಳುವುದರಲ್ಲಿ ಅಷ್ಟೊಂದು ಭೇದ ಕಾಣಲಿಲ್ಲ. ಶ್ರಮಜೀವಿಗಳ ಧಮನಿಗಳಿಗೂ ಮುಪ್ಪು ಬರುತ್ತಿತ್ತು, ಆದರೆ ಅವರ ಹೃದಯ ಅದನ್ನು ಹೆಚ್ಚು ತಾಳಿಕೊಳ್ಳುತ್ತಿತ್ತು. ವ್ಯಾಯಾಮ ರೋಗವನ್ನೇ ತಡೆಯುತ್ತದೆಯೋ, ಬಂದ ರೋಗದ ಹೊಡೆತವನ್ನು ತಗ್ಗಿಸುತ್ತದೆಯೋ ಎಂಬ ಚರ್ಚೆ ಇಲ್ಲಿಂದ ಆರಂಭವಾಯಿತೆನ್ನಬಹುದು.

ಈ ಎಲ್ಲ ಲೆಕ್ಕಗಳಲ್ಲಿ ಹೆಣ್ಣುಮಕ್ಕಳು ಇಲ್ಲ. ಲಂಡನ್ನಿನ ಬಸ್ಸುಗಳಲ್ಲಿ ಯುದ್ಧಕಾಲದಿಂದ ಮಹಿಳಾ ಕಂಡಕ್ಟರುಗಳು ಬಹಳ ಸಂಖ್ಯೆಯಲ್ಲಿದ್ದು ಅದೇ ಮೆಟ್ಟಿಲುಗಳನ್ನು ಹತ್ತಿಳಿದರೂ, ಅಲ್ಲಿ ಮಹಿಳೆಯೊಬ್ಬಳು ಬಸ್ ಚಾಲಕಿಯಾದದ್ದು 1974ರಲ್ಲಿ. ಹೋಲಿಸಲು ಕುಳಿತ ಜೋಡಿಯೇ ಇಲ್ಲದಿದ್ದಾಗ ಅವರ ಶ್ರಮ ಅಂಕಿಯಾಗಲಿಲ್ಲ. ಹೃದ್ರೋಗವು ಗಂಡಸರ ಕಾಯಿಲೆಯೆಂಬ ಭಾವನೆ ದಶಕಗಟ್ಟಲೆ ಉಳಿದುಕೊಂಡಿದ್ದಕ್ಕೆ ಇಂಥ ಗೈರುಹಾಜರಿಯೂ ಒಂದು ಕಾರಣವೆಂದೇ ತಿಳಿಯಬೇಕಾಗುತ್ತದೆ.

ಅಟ್ಲಾಂಟಿಕ್ ಸಾಗರದ ಆಚೆ ರಾಲ್ಫ್ ಪ್ಯಾಫನ್‌ಬಾರ್ಜರ್ ಎಂಬ ವೈದ್ಯ-ಸಂಶೋಧಕರು ಸ್ಯಾನ್ ಫ್ರಾನ್ಸಿಸ್ಕೊ ಬಂದರಿನ 6,351 ಹಮಾಲರನ್ನು 1951ರಿಂದ 22 ವರ್ಷಗಳ ಕಾಲ ಅನುಸರಿಸಿದರು. ಆ ಬಂದರಿನ ಕಾರ್ಮಿಕ ಸಂಘದ ನಿಯಮದಂತೆ ಹೊಸಬರೆಲ್ಲರೂ ಮೊದಲ ಐದು ವರ್ಷ ಸರಕು ಹೊರುವ ಕೆಲಸವನ್ನೇ ಮಾಡಬೇಕಾಗಿದ್ದುದರಿಂದ, ಬಲವಿಲ್ಲದವರು ಮೊದಲಿಗೇ ಹಗುರ ಕೆಲಸ ಹಿಡಿದರೆಂಬ ಆಕ್ಷೇಪಕ್ಕೆ ಇಲ್ಲಿ ಎಡೆ ಕಡಿಮೆಯಿತ್ತು. 1975ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಪರಿಧಮನಿ ರೋಗದಿಂದಾದ ಸಾವು ಭಾರಿ ಶ್ರಮದವರಲ್ಲಿ ಹತ್ತು ಸಾವಿರ ದುಡಿಮೆ-ವರ್ಷಗಳಿಗೆ (ಒಬ್ಬ ಒಂದು ವರ್ಷ ದುಡಿದರೆ ಒಂದು ದುಡಿಮೆ-ವರ್ಷ) 26.9ರಷ್ಟಿದ್ದರೆ, ಮಧ್ಯಮ ಮತ್ತು ಹಗುರ ಶ್ರಮದವರಲ್ಲಿ ಕ್ರಮವಾಗಿ 46.3 ಮತ್ತು 49.0ರಷ್ಟಿತ್ತು.

ಆದರೆ ಈ ಲೆಕ್ಕ ಪ್ರಕಟವಾಗುವ ಹೊತ್ತಿಗೆ ಆ ದುಡಿಮೆಯೇ ಮರೆಯಾಗತೊಡಗಿತ್ತು. ಸರಕನ್ನು ಕಬ್ಬಿಣದ ಪೆಟ್ಟಿಗೆಗಳಲ್ಲಿ ತುಂಬಿ ಕ್ರೇನಿನಿಂದ ಎತ್ತುವ ಕಂಟೇನರು ಪದ್ಧತಿ ಬಂದು ಹಮಾಲರ ಹೆಗಲಿಗೆ ಕೆಲಸವಿಲ್ಲದಂತಾಯಿತು. ಲಂಡನ್ನಿನಲ್ಲಿ ಚಾಲಕನೇ ಟಿಕೇಟು ಕೊಡುವ ಬಸ್ಸುಗಳು ಹೆಚ್ಚುತ್ತ ಹೋಗಿ, ಕಂಡಕ್ಟರಿದ್ದ ಹಳೆಯ ರೂಟ್‌ಮಾಸ್ಟರ್ ಬಸ್ಸುಗಳು 2005ರ ಡಿಸೆಂಬರಿನಲ್ಲಿ ನಿತ್ಯದ ಮಾರ್ಗಗಳಿಂದ ನಿವೃತ್ತವಾದವು. ಕಸುಬುಗಳಿಂದ ಶ್ರಮ ಕಳೆದುಹೋಗುವುದನ್ನು ಮೊದಲೇ ಕಂಡ ಮೋರಿಸ್, 1968ರಿಂದ 1970ರವರೆಗೆ ಕುಳಿತೇ ಕೆಲಸ ಮಾಡುವ ಸುಮಾರು 17,000 ಸರ್ಕಾರಿ ನೌಕರರಿಂದ, ಅವರು ಶುಕ್ರವಾರ ಮತ್ತು ಶನಿವಾರ ಏನೇನು ಮಾಡಿದರೆಂಬುದನ್ನು ಐದೈದು ನಿಮಿಷಗಳ ಲೆಕ್ಕದಲ್ಲಿ ಬರೆಸಿಕೊಂಡರು. ಏದುಸಿರು ಬರುವಂಥ ಆಟ, ಈಜು, ತೋಟದ ಕಠಿಣ ಕೆಲಸಗಳನ್ನು ಮಾಡುವವರಲ್ಲಿ ಹೃದಯಾಘಾತವು ಉಳಿದವರಲ್ಲಿದ್ದುದರ ಸುಮಾರು ಮೂರನೇ ಒಂದು ಭಾಗದಷ್ಟಿತ್ತು. ಸಂಶೋಧನೆಯ ದೃಷ್ಟಿ ಕೆಲಸದ ಸ್ಥಳದಿಂದ ಬಿಡುವಿನ ಹೊತ್ತಿಗೆ ಹೊರಳಿದ್ದು ಇಲ್ಲಿಯೇ. ವಾರಕ್ಕೆ 150 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ ಎಂಬ ಇಂದಿನ ಪರಿಚಿತ ಸಲಹೆಯೂ ಈ ಬಗೆಯ ಅಧ್ಯಯನಗಳ ಸಾಲಿನಿಂದ ಬೆಳೆದು ಬಂದಿದೆ.

ಲಂಡನ್ನಿನ ಮತ್ತು ಕ್ಯಾಲಿಫೋರ್ನಿಯಾದ ಗಂಡಸರ ಮೈಯಿಂದ ಕಲಿತ ಈ ಪಾಠ ಎಲ್ಲ ಜನಸಮುದಾಯಗಳಿಗೂ ಹೊಂದುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತವು ಬೇಗನೇ ಎತ್ತಿತು. ರೈಲ್ವೆಯ ವೈದ್ಯಾಧಿಕಾರಿ ಎಸ್. ಎಲ್. ಮಲ್ಹೋತ್ರಾ ಅವರು ದೇಶದ ರೈಲ್ವೆ ನೌಕರರ ಮರಣದ ದಾಖಲೆಗಳನ್ನು ಪರಿಶೀಲಿಸಿ 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದ್ರೋಗದ ಸಾವು ದಕ್ಷಿಣದವರಲ್ಲಿ ಪಂಜಾಬಿನವರಿಗಿಂತ ಸುಮಾರು ಏಳು ಪಟ್ಟು ಹೆಚ್ಚೆಂದು ಕಂಡುಬಂತು. ತುಪ್ಪ, ಹಾಲು ಯಥೇಚ್ಛವಾಗಿ ಉಣ್ಣುತ್ತಿದ್ದವರು ಉತ್ತರದವರೇ ಆಗಿದ್ದರಿಂದ, ಮಲ್ಹೋತ್ರಾ ಕೊಬ್ಬಿನ ಪ್ರಮಾಣಕ್ಕಿಂತ ಕೊಬ್ಬಿನ ಬಗೆ ಮತ್ತು ಊಟದ ಕ್ರಮದಲ್ಲಿ ಕಾರಣ ಹುಡುಕಿದರು. ಅವರ ವಿವರಣೆ ಪೂರ್ತಿ ನಿಲ್ಲದಿದ್ದರೂ, ಒಂದೇ ಸಂಸ್ಥೆಯ ನೌಕರರಲ್ಲಿ ಪ್ರದೇಶದಿಂದ ಪ್ರದೇಶಕ್ಕೆ ಇಷ್ಟು ಅಂತರವಿರಬಹುದೆಂದು ಅದು ತೋರಿಸಿತು. ಮುಂದೆ ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರಲ್ಲಿ ಹೃದ್ರೋಗದ ಸಾವು ಹೆಚ್ಚೆಂದು, ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿರುವುದೂ ಹೊಟ್ಟೆಯ ಬೊಜ್ಜೂ ಅವರಲ್ಲಿ ಒಟ್ಟಿಗೆ ಕಾಣುತ್ತವೆಂದು ಪಾಲ್ ಮೆಕೀಗ್ ಮತ್ತು ಮೈಕೆಲ್ ಮಾರ್ಮಟ್ ಮೊದಲಾದವರು 1991ರಲ್ಲಿ ವರದಿ ಮಾಡಿದರು. 2013ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು, ಯುರೋಪಿಯನ್ ಗಂಡಸರು ವಾರಕ್ಕೆ 150 ನಿಮಿಷಗಳ ಚಟುವಟಿಕೆಯಿಂದ ಪಡೆಯುವ ಆರೋಗ್ಯಸ್ಥಿತಿಗೆ ದಕ್ಷಿಣ ಏಷ್ಯಾದ ಗಂಡಸರು ಸುಮಾರು 266 ನಿಮಿಷ ವ್ಯಯಿಸಬೇಕಾದೀತೆಂದು ಅಂದಾಜು ಮಾಡಿದರು.

ಜನಾಂಗಗಳ ನಡುವೆ ದೇಹಶಕ್ತಿಯನ್ನು ಅಳೆದು ಹೋಲಿಸುವ ಕೆಲಸಕ್ಕೆ ಒಂದು ಕಹಿ ಪೂರ್ವೇತಿಹಾಸವೂ ಇದೆ. ಹಿಡಿತದ ಬಲವನ್ನು ಅಳೆಯುವ ಡೈನಮೊಮೀಟರನ್ನು ಫ್ರಾನ್ಸಿನ ಎಡ್ಮ್ ರೆನ್ಯೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಕೆಲವೇ ವರ್ಷಗಳಲ್ಲಿ, ಫ್ರಾಂಸ್ವಾ ಪೆರೋಂ ಎಂಬವನು ಅದನ್ನು ಆಸ್ಟ್ರೇಲಿಯಾ ಕಡೆಯ ನೌಕಾಯಾನಕ್ಕೆ ಒಯ್ದು, ಅಲ್ಲಿನ ಮೂಲನಿವಾಸಿಗಳು ಫ್ರೆಂಚರಿಗಿಂತ ದುರ್ಬಲರೆಂದು 1807ರಲ್ಲಿ ಬರೆದು ನಾಗರಿಕತೆಯ ಮೇಲ್ಮೆಗೆ ಪುರಾವೆಯೆಂದು ಸಾರಿದನು. ಎರಡು ಶತಮಾನಗಳ ಬಳಿಕ ಅದೇ ಬಗೆಯ ಉಪಕರಣ 17 ದೇಶಗಳ ಸುಮಾರು 1,40,000 ಜನರ ಕೈಗೆ ಬಂದಾಗ ಕೇಳಿದ ಪ್ರಶ್ನೆ ಬೇರೆಯಾಗಿತ್ತು. ಭಾರತದ ಮಟ್ಟಿಗೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸಮನ್ವಯಗೊಳಿಸಿದ ಪ್ಯೂರ್ ಎಂಬ ಆ ಅಧ್ಯಯನವು, ಹಿಡಿತದ ಬಲ ಐದು ಕಿಲೊಗ್ರಾಮಿನಷ್ಟು ಕಡಿಮೆಯಾದಂತೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾಯುವ ಅಪಾಯ ಶೇ. 17ರಷ್ಟು ಏರುವುದನ್ನು 2015ರಲ್ಲಿ ದಾಖಲಿಸಿತು. ಅದೇ ಅಧ್ಯಯನದ 2017ರ ವರದಿಯು, ಬಿಡುವಿನ ವ್ಯಾಯಾಮವಷ್ಟೇ ಅಲ್ಲ, ಕೆಲಸಕ್ಕೆ ನಡೆದು ಹೋಗುವುದು, ಮನೆಗೆಲಸ, ಕೂಲಿ ದುಡಿಮೆಗಳೂ ಸಾವಿನ ಅಪಾಯವನ್ನು ತಗ್ಗಿಸುತ್ತವೆಂದು ಹೇಳಿತು. ಜಿಮ್ಮಿನ ಬಾಗಿಲು ಕಾಣದ ಕೋಟ್ಯಂತರ ಜನರ ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಈ ವರದಿಯ ಹಿರಿಮೆ.

ಆದರೂ ಈ ವಿಷಯದಲ್ಲಿ ಎಲ್ಲ ಅಧ್ಯಯನಗಳ ದನಿ ಒಂದೇ ಆಗಿಲ್ಲ. ಹಲವು ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಭಾರಿ ದೇಹಶ್ರಮದ ಕಸುಬಿನ ಗಂಡಸರು ಬೇಗ ಸಾಯುವ ಅಪಾಯ ಹಗುರ ಕಸುಬಿನವರಿಗಿಂತ ಶೇ. 18ರಷ್ಟು ಹೆಚ್ಚಾಗಿ ಕಂಡಿತು. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಇದಕ್ಕೆ ಕೊಡುವ ಕಾರಣಗಳು ಹಮಾಲಿ, ಕಟ್ಟಡ, ಗಣಿ ಕೆಲಸಗಳನ್ನು ಬಲ್ಲ ಯಾರಿಗೂ ಹೊಸತೆನಿಸಲಾರವು: ಭಾರ ಎತ್ತಿ ಹಿಡಿದಾಗ ರಕ್ತದೊತ್ತಡ ಏರುತ್ತದೆ, ತಾಸುಗಟ್ಟಲೆ ನಿಲ್ಲದ ದುಡಿಮೆಯಿಂದ ಹೃದಯದ ಬಡಿತ ಇಡೀ ದಿನ ಮೇಲೆಯೇ ಉಳಿಯುತ್ತದೆ, ದಣಿದ ಮೈಗೆ ಮರುದಿನದೊಳಗೆ ಸುಧಾರಿಸಿಕೊಳ್ಳಲು ವೇಳೆ ಸಾಲುವುದಿಲ್ಲ, ಯಾವಾಗ ನಿಲ್ಲಿಸಬೇಕೆಂದು ನಿರ್ಧರಿಸುವ ಹಕ್ಕು ದುಡಿಯುವವನಿಗಿರುವುದಿಲ್ಲ. ಲಂಡನ್ನಿನ ಕಂಡಕ್ಟರನ ಏರಿಳಿತ ನಡುನಡುವೆ ನಿಂತು ಮುಂದುವರಿಯುವಂಥದ್ದು. ಅವನ ಪಾಳಿಗೂ ವೇತನಸಹಿತ ರಜೆಗೂ ಸಂಘದ ಒಪ್ಪಂದದ ರಕ್ಷಣೆಯಿತ್ತು. ಅವನ ಹೃದಯವನ್ನು ಕಾಪಾಡಿದ್ದರಲ್ಲಿ ಮೆಟ್ಟಿಲಿನ ಪಾಲೆಷ್ಟು, ಆ ಬಿಡುವಿನ ಪಾಲೆಷ್ಟು ಎಂಬುದನ್ನು 1953ರ ಲೆಕ್ಕ ಬೇರ್ಪಡಿಸಿ ನೋಡಿರಲಿಲ್ಲ. ಇಂದಿನ ವಿವಾದ ನಿಂತಿರುವುದು ಆ ಬೇರ್ಪಡಿಕೆಯ ಮೇಲೆಯೇ.