ಲೌರಾನನ ಕಂಚಿನ ಪದಕಗಳು: ‘ದೀವಾ’ ಬಿರುದಿನ ಒಂದು ತಪ್ಪು ಓದು

ಫ್ರಾಂಚೆಸ್ಕೊ ಲೌರಾನ ಕಡೆದ ಅಮೃತಶಿಲೆಯ ಸ್ತ್ರೀಪ್ರತಿಮೆಗಳು ಮೃತರ ಸ್ಮಾರಕಗಳು, ಶವದ ಮುಖದಿಂದ ತೆಗೆದ ಅಚ್ಚನ್ನು ಎದುರಿಗಿಟ್ಟುಕೊಂಡು ಮಾಡಿದವು ಎಂಬ ವಾದ ಕಲಾ ಇತಿಹಾಸದ ಬರಹಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. ಇಳಿದ ರೆಪ್ಪೆ, ಸುಕ್ಕಿಲ್ಲದ ಕೆನ್ನೆ, ಎದುರಿನವರನ್ನು ನೋಡದ ನೋಟ ಇವಿಷ್ಟೇ ಆಧಾರವಾಗಿದ್ದರೆ ಉತ್ತರ ಕೊಡುವ ಅಗತ್ಯವಿರಲಿಲ್ಲ. ಆದರೆ ಈ ವಾದಕ್ಕೆ ಆಸರೆಯಾಗಿ ನಿಲ್ಲುವಂತೆ ಕಾಣುವ ಬರಹದ ಸಾಕ್ಷ್ಯವೊಂದಿದೆ. ಅದನ್ನು ಪರೀಕ್ಷಿಸಲು ಬೇಕಾದ ಆಕರ ಲೌರಾನನ ಕೈಯಿಂದಲೇ ಬಂದಿದ್ದರೂ ಪ್ರತಿಮೆಗಳ ಚರ್ಚೆಯಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನ ಸಿಕ್ಕಿಲ್ಲ. ಅವನು 1460ರ ದಶಕದಲ್ಲಿ ಆಂಜೂವಿನ ರೆನೆಯ ಆಸ್ಥಾನದಲ್ಲಿ ಎರಕ ಹೊಯ್ದ ಕಂಚಿನ ಪದಕಗಳೇ ಆ ಆಕರ.

ಮೊದಲು ಬರಹವನ್ನೇ ನೋಡೋಣ. ಫ್ಲಾರೆನ್ಸಿನ ಬಾರ್ಜೆಲ್ಲೊ ಸಂಗ್ರಹಾಲಯದ ಪ್ರತಿಮೆಯ ಮೇಲೆ ‘ದೀವಾ ಬಾಪ್ತಿಸ್ತಾ ಸ್ಫೋರ್ತಿಯಾ’ ಎಂದಿದೆ. ಉರ್ಬಿನೋದ ದೊರೆ ಫೆದೆರಿಗೊನ ಹೆಂಡತಿ ಬತ್ತಿಸ್ತಾ ಸ್ಫೋರ್ಜಾ ತೀರಿಕೊಂಡದ್ದು 1472ರಲ್ಲಿ. ಇಷ್ಟಕ್ಕೆ ‘ದೀವಾ’ ಎಂದರೆ ‘ಸ್ವರ್ಗಸ್ಥೆ’ ಎಂದೇ ಓದಿಕೊಳ್ಳುವುದು ಸುಲಭ. ರೋಮನ್ ಚಕ್ರವರ್ತಿಗಳಿಗೆ ಸತ್ತ ಮೇಲೆ ‘ದೀವುಸ್’ ಬಿರುದು ಸಲ್ಲುತ್ತಿದ್ದುದು ಈ ಓದಿಗೆ ಇನ್ನಷ್ಟು ಬಲ ಕೊಡುತ್ತದೆ. ಆದರೆ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿರುವ ಇನ್ನೊಂದು ಪ್ರತಿಮೆಯ ಪೀಠದಲ್ಲಿ ‘ದೀವಾ ಬೆಯಾತ್ರಿಕ್ಸ್ ಅರಗೋನಿಯಾ’ ಎಂಬ ಬರಹವಿದೆ. ನೇಪಲ್ಸ್ ದೊರೆಯ ಮಗಳಾದ ಈ ಬೆಯಾತ್ರಿಚೆ 1476ರಲ್ಲಿ ಹಂಗೇರಿಯ ಮಾತ್ಯಾಶ್ ಕೊರ್ವಿನುಸ್‌ನನ್ನು ಮದುವೆಯಾಗಿ ರಾಣಿಯಾದಳು, 1508ರವರೆಗೂ ಬದುಕಿದಳು. ಲೌರಾನ ಸತ್ತದ್ದು 1502ರ ಹೊತ್ತಿಗೆ. ಅಂದರೆ ಅವಳ ಶವದ ಮುಖದಿಂದ ಅಚ್ಚು ತೆಗೆಯುವ ಕಾಲಕ್ಕೆ ಶಿಲ್ಪಿಯೇ ಇರಲಿಲ್ಲ.

ಒಂದೇ ಬಿರುದು ಒಂದು ಕಡೆ ಮೃತಳಿಗೆ, ಇನ್ನೊಂದು ಕಡೆ ಬದುಕಿದ್ದವಳಿಗೆ ಸಂದಿದೆ. ಬೆಯಾತ್ರಿಚೆಯ ಬರಹವನ್ನು ಅಪವಾದವೆಂದು ಬದಿಗಿಡಬಹುದೇ? ಪದಕಗಳು ಅದಕ್ಕೆ ಎಡೆಗೊಡುವುದಿಲ್ಲ. ‘ಫ್ರಾನ್ಸಿಸ್ಕುಸ್ ಲೌರಾನ ಫೇಕಿತ್’ ಎಂಬ ಸಹಿಯೂ 1463ರ ಇಸವಿಯೂ ಇರುವ ಕಂಚಿನ ಪದಕವೊಂದರಲ್ಲಿ ರೆನೆ ಮತ್ತು ಅವನ ಎರಡನೆಯ ಹೆಂಡತಿ ಜಾನ್ ದ ಲಾವಾಲ್ ಅಕ್ಕಪಕ್ಕದ ಪಾರ್ಶ್ವಮುಖಗಳಾಗಿದ್ದಾರೆ. ಅಂಚಿನ ಲ್ಯಾಟಿನ್ ಬರಹ ಶುರುವಾಗುವುದೇ ‘ದೀವಿ’ ಎಂಬ ಬಹುವಚನದಿಂದ. ಆಗ ಇಬ್ಬರೂ ಬದುಕಿದ್ದರು. ರೆನೆ ಸತ್ತದ್ದು 1480ರಲ್ಲಿ, ಜಾನ್ 1498ರಲ್ಲಿ. ಪದಕದ ಬರಹವನ್ನು ಹೊಂದಿಸುತ್ತಿದ್ದವರು ಆಸ್ಥಾನದ ಪಂಡಿತರು, ಶಿಲ್ಪಿಯಲ್ಲ ಎಂಬ ಆಕ್ಷೇಪ ಬರಬಹುದು. ಅದನ್ನು ಒಪ್ಪುತ್ತೇನೆ. ಒಪ್ಪಿದರೆ ನನ್ನ ವಾದ ಇನ್ನೂ ಗಟ್ಟಿಯಾಗುತ್ತದೆ, ಏಕೆಂದರೆ ಇದು ಒಬ್ಬ ಕುಶಲಕರ್ಮಿಯ ವಿಚಿತ್ರ ಬಳಕೆಯಾಗಿ ಉಳಿಯದೆ ಆಸ್ಥಾನದ ವಾಡಿಕೆಯಾಗುತ್ತದೆ. ನೇಪಲ್ಸಿನಲ್ಲಿ ಈ ವಾಡಿಕೆ ಅದಕ್ಕೂ ಹಳೆಯದು: ಪಿಸನೆಲ್ಲೊ 1449ರಲ್ಲಿ ಮಾಡಿದ ಪದಕ ದೊರೆ ಅಲ್ಫೋನ್ಸೊನನ್ನು ‘ದೀವುಸ್’ ಎಂದೇ ಕರೆಯುತ್ತದೆ, ಆ ದೊರೆ ಸತ್ತದ್ದು 1458ರಲ್ಲಿ. ಅದೇ ಅಲ್ಫೋನ್ಸೊನ ವಿಜಯದ್ವಾರದ ಕೆಲಸದಲ್ಲಿ ಲೌರಾನನಿದ್ದ. (1442ರಲ್ಲಿ ಅಲ್ಫೋನ್ಸೊ ನೇಪಲ್ಸಿನಿಂದ ಓಡಿಸಿದ್ದು ಇದೇ ರೆನೆಯನ್ನು. ರಾಜಕೀಯವಾಗಿ ಬದ್ಧವೈರಿಗಳಾಗಿದ್ದ ಎರಡು ಆಸ್ಥಾನಗಳೂ ಬಿರುದಿನ ವಿಷಯದಲ್ಲಿ ಒಂದೇ ಭಾಷೆ ಆಡುತ್ತಿದ್ದವು ಎಂಬುದನ್ನು ಗಮನಿಸಬೇಕು.)

ಜಾರ್ಜ್ ಫ್ರಾನ್ಸಿಸ್ ಹಿಲ್ 1930ರಲ್ಲಿ ಇಟಲಿಯ ಪದಕಗಳ ಬೃಹತ್ ಸಂಪುಟ ಪ್ರಕಟಿಸಿದ ಮೇಲೆ ಇವು ಕೈಗೆಟುಕದ ಆಕರಗಳಾಗಿ ಉಳಿದಿಲ್ಲ. ಹಿಲ್ ಅವರ ತಾಳ್ಮೆಗೆ ಈ ಕ್ಷೇತ್ರದವರೆಲ್ಲರೂ ಋಣಿಗಳು. ಆದರೂ ಪದಕವೆಂದರೆ ನಾಣ್ಯಶಾಸ್ತ್ರದವರ ಪಾಲು, ಪ್ರತಿಮೆಯೆಂದರೆ ಶಿಲ್ಪಚರಿತ್ರೆಯವರ ಪಾಲು ಎಂಬ ವಿಂಗಡಣೆ ಹೋಗಿಲ್ಲ. ಝಾದರ್ ಬಳಿಯ ವ್ರಾನಾದಲ್ಲಿ ಹುಟ್ಟಿದ ಈ ಕಲಾವಿದನನ್ನು ಇಟಲಿಯವನೆನ್ನಬೇಕೋ, ಕ್ರೊಯೇಷಿಯನ್ನರ ಫ್ರಾನ್ಯೊ ವ್ರಾನ್ಯಾನಿನ್ ಎನ್ನಬೇಕೋ ಎಂಬ ಜಗಳಕ್ಕೆ ವ್ಯಯವಾದ ಶ್ರಮದ ಒಂದು ಪಾಲು ಸಹಿಯುಳ್ಳ ಈ ಕಂಚುಗಳಿಗೆ ಸಂದಿದ್ದರೂ ಸಾಕಿತ್ತು. ಅಮೃತಶಿಲೆಯ ಸ್ತ್ರೀಪ್ರತಿಮೆಗಳಲ್ಲಿ ಅವನ ಸಹಿ ಇಲ್ಲ. ಸಹಿ, ಇಸವಿ, ವ್ಯಕ್ತಿಯ ಹೆಸರು ಮೂರೂ ಕೂಡಿಬರುವ ಮುಖಗಳು ಕಂಚಿನಲ್ಲಿ ಮಾತ್ರ ಸಿಗುತ್ತವೆ.

ಶೈಲಿಯ ಪ್ರಶ್ನೆಗೂ ಕಂಚಿನಲ್ಲೇ ಉತ್ತರವಿದೆ. ಪದಕದ ಮಾದರಿಯನ್ನು ಮೊದಲು ಮೇಣದಲ್ಲಿ ತಿದ್ದುತ್ತಿದ್ದರು. ಬೆರಳಿಗೆ ಬಗ್ಗುವ ಮೇಣದಲ್ಲಿ ಎದುರಿಗಿದ್ದವರ ಮುಖವನ್ನು ಹಿಡಿಯುವುದು ಕಲ್ಲಿಗಿಂತ ಸಲೀಸು. 1461ರ ಪದಕದಲ್ಲಿ ರೆನೆಯ ವಿದೂಷಕ ತ್ರಿಬೂಲೆಯ ಚಿಕ್ಕ ತಲೆ, ಹಿಂದಕ್ಕೆ ಇಳಿದ ಹಣೆ ಎರಡನ್ನೂ ಲೌರಾನ ಮುಚ್ಚಿಡದೆ ತೋರಿಸಿದ್ದಾನೆ. 1463ರಲ್ಲಿ ರೆನೆಯ ಜೋತುಬಿದ್ದ ಗದ್ದವನ್ನೂ ಬಿಟ್ಟಿಲ್ಲ. ಇಂಥ ಕಣ್ಣುಳ್ಳವನು ರಾಜಕುಮಾರಿಯರ ಮುಖವನ್ನು ನುಣುಪಾಗಿಸಿದ್ದರೆ ಅದು ಬೇಕೆಂದೇ ಮಾಡಿದ ಆಯ್ಕೆ. ಅಚ್ಚಿನಿಂದ ನಕಲು ಮಾಡಿದ್ದರೆ ಕುಸಿದ ಕೆನ್ನೆಯಂಥ ಗುರುತುಗಳು ಹೆಚ್ಚಬೇಕಿತ್ತು, ಕಡಿಮೆಯಾಗಬಾರದಿತ್ತು.

ಆ ನುಣುಪಿನ ಕಾರಣವನ್ನು ವಿಯೆನ್ನಾದ ಕಲಾ ಇತಿಹಾಸ ಸಂಗ್ರಹಾಲಯದ ಪ್ರತಿಮೆ ಸೂಚಿಸುತ್ತದೆ. ಅದರ ಮೇಲೆ ಬಣ್ಣ ಇನ್ನೂ ಉಳಿದಿದೆ, ಕೂದಲಲ್ಲಿ ಮೇಣದ ಹೂಗಳಿವೆ. ರಕ್ತದ ಛಾಯೆ, ತುಟಿಯ ಕೆಂಪು, ಕಣ್ಣಿನ ಕಪ್ಪು ಇವನ್ನು ಶಿಲ್ಪಿ ಕುಂಚಕ್ಕೆ ಬಿಟ್ಟಿದ್ದ. ಬೇರೆ ಪ್ರತಿಮೆಗಳಿಗೂ ಬಣ್ಣವಿತ್ತೆಂದಾದರೆ ನಾವು ಸಾವಿನ ಬಿಳುಪೆಂದು ಓದುತ್ತಿರುವುದು ಆ ಬಣ್ಣ ಅಳಿದ ಮೇಲಿನ ಬರಿಗಲ್ಲನ್ನು.

ಬತ್ತಿಸ್ತಾಳ ಮಟ್ಟಿಗೆ ಮುಖದ ಅಚ್ಚಿನ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದನ್ನು ಇಡೀ ಸರಣಿಗೆ ಹಬ್ಬಿಸುವುದಕ್ಕಷ್ಟೇ ನನ್ನ ವಿರೋಧ. ಪಲೆರ್ಮೊದ ಪಲಾತ್ಸೊ ಅಬಾತೆಲ್ಲಿಸ್‌ನಲ್ಲಿರುವ ಪ್ರತಿಮೆಯನ್ನು ಸಾಂಪ್ರದಾಯಿಕವಾಗಿ ಅರಗೋನಿನ ಎಲಿಯೊನೋರಾಳದ್ದೆನ್ನುತ್ತಾರೆ. ಅವಳನ್ನು ಸಮಾಧಿ ಮಾಡಿದ ಸಾಂತಾ ಮರಿಯಾ ದೆಲ್ ಬೋಸ್ಕೊ ಮಠದಿಂದಲೇ ಅದು ಬಂದದ್ದು. ಅವಳು ಸತ್ತದ್ದು 1405ರಲ್ಲಿ, ಲೌರಾನ ಹುಟ್ಟಿದ್ದು 1430ರ ಆಸುಪಾಸಿನಲ್ಲಿ. ಆ ಹೆಸರನ್ನೂ ಶವದ ಅಚ್ಚನ್ನೂ ಒಟ್ಟಿಗೆ ಒಪ್ಪುವವರು, ಅವನು ಸಿಸಿಲಿಗೆ ಕಾಲಿಡುವುದಕ್ಕೆ ಅರವತ್ತಕ್ಕೂ ಹೆಚ್ಚು ವರ್ಷ ಮೊದಲೇ ಸತ್ತವಳ ಅಚ್ಚು ಅವನ ಕೈಗೆ ಎಲ್ಲಿಂದ ಬಂತೆಂದು ಹೇಳಬೇಕು.