ಒಂದು ವರಮಾನ, ಮೂರು ಸರಕಾರ: ಬೊರಿವಲಿಯಿಂದ ಕಂಡ ನಗರ ತೆರಿಗೆಯ ಇತಿಹಾಸ

ಬೊರಿವಲಿಯಿಂದ ಕೋಟೆ ಭಾಗದ ಕಚೇರಿಗಳಿಗೆ ನಿತ್ಯವೂ ರೈಲಿನಲ್ಲಿ ಹೋಗಿಬರುವ ನಮ್ಮ ನೌಕರ ಬಂಧುಗಳು ವರ್ಷಕ್ಕೊಮ್ಮೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಸಂಬಳದ ಚೀಟಿಯಲ್ಲಿ ಹನ್ನೊಂದು ತಿಂಗಳು 200 ರೂಪಾಯಿಯಂತೆ ಕಡಿತವಾಗುವ ವೃತ್ತಿ ತೆರಿಗೆಯು ಫೆಬ್ರುವರಿಯಲ್ಲಿ ಮಾತ್ರ 300 ಆಗುವುದೇಕೆ? ಕೂಡಿಸಿ ನೋಡಿದರೆ ಮೊತ್ತ 2,500 ಆಗುತ್ತದೆ. ಈ ಸಂಖ್ಯೆಯು ಗುಮಾಸ್ತರ ಅನುಕೂಲಕ್ಕಾಗಿ ಹುಟ್ಟಿದುದಲ್ಲ. ಅದು ನಮ್ಮ ಸಂವಿಧಾನವೇ ವಿಧಿಸಿದ ಮಿತಿ. ಆ ಮಿತಿಯ ಹಿಂದೆ, ಒಬ್ಬನ ವರಮಾನದ ಮೇಲೆ ಎಷ್ಟು ಸರಕಾರಗಳಿಗೆ ಹಕ್ಕುಂಟು ಎಂಬ ಹಳೆಯ ವಿವಾದವಿದೆ.

ಭಾರತಕ್ಕೆ ವರಮಾನ ತೆರಿಗೆಯನ್ನು ತಂದವನು ಜೇಮ್ಸ್ ವಿಲ್ಸನ್. 1857ರ ದಂಗೆಯಿಂದ ಬರಿದಾಗಿದ್ದ ಬೊಕ್ಕಸವನ್ನು ತುಂಬುವುದಕ್ಕಾಗಿ 1860ರಲ್ಲಿ ಆತನು ಅದನ್ನು ಹೂಡಿದನು. ಅದೇ ವರ್ಷ ಕಲಕತ್ತೆಯಲ್ಲಿ ತೀರಿಕೊಂಡನು. 1865ರಲ್ಲಿ ನಿಂತುಹೋದ ತೆರಿಗೆಯು ಬೇರೆ ಬೇರೆ ರೂಪಗಳಲ್ಲಿ ಮರಳಿ, 1886ರ ಕಾಯಿದೆಯಿಂದ ಸ್ಥಿರವಾಯಿತು. ಇತ್ತ ಪ್ರಾಂತಗಳ ಪುರಸಭೆಗಳೂ ಕಸುಬು, ವ್ಯಾಪಾರ, ನೌಕರಿಗಳ ಮೇಲೆ ತಮ್ಮದೇ ತೆರಿಗೆಯನ್ನು ಎತ್ತುತ್ತಿದ್ದುವು. ಅದನ್ನು ವರಮಾನದ ಪ್ರಮಾಣಕ್ಕೆ ಅನುಸಾರವಾಗಿ ಎತ್ತಿದಾಗ, ಹೆಸರು ಬೇರೆಯಾದರೂ ವಸ್ತು ವರಮಾನ ತೆರಿಗೆಯೇ ಆಗುತ್ತಿತ್ತು. 1935ರ ಭಾರತ ಸರಕಾರದ ಕಾಯಿದೆಯು ವರಮಾನ ತೆರಿಗೆಯನ್ನು ಕೇಂದ್ರಕ್ಕೆ ಒಪ್ಪಿಸಿದ ಮೇಲೆ ಈ ಘರ್ಷಣೆಯು ತೀವ್ರವಾಗಿ, 1940ರ ತಿದ್ದುಪಡಿಯು ವೃತ್ತಿ ತೆರಿಗೆಗೆ ವರ್ಷಕ್ಕೆ 50 ರೂಪಾಯಿಗಳ ಮಿತಿಯನ್ನು ಹಾಕಿತು.

ಸಂವಿಧಾನದ 276ನೆಯ ಅನುಚ್ಛೇದವು ಈ ರಾಜಿಯನ್ನೇ ಮುಂದುವರಿಸಿತು. ವೃತ್ತಿ ತೆರಿಗೆಯು ವರಮಾನಕ್ಕೆ ಸಂಬಂಧಿಸಿದ್ದು ಎಂಬ ಕಾರಣಕ್ಕೆ ಅಸಿಂಧುವಾಗಲಾರದು. ಆದರೆ ಮಿತಿಯನ್ನು ಮೀರಲಾಗದು. ಮಿತಿಯು ಮೊದಲು 250 ರೂಪಾಯಿ. 1988ರ ಅರುವತ್ತನೆಯ ತಿದ್ದುಪಡಿಯಿಂದ 2,500. ಅಂದಿನಿಂದ ಅದು ಏರಿಲ್ಲ. ಆದುದರಿಂದ ಬ್ಯಾಂಕಿನ ಜವಾನನೂ ಅದೇ ಬ್ಯಾಂಕಿನ ಅಧ್ಯಕ್ಷರೂ ಇಂದು ಒಂದೇ ಮೊತ್ತವನ್ನು ತೆರುತ್ತಾರೆ.

ಈ ಹಣವು ಯಾರಿಗೆ ಸಲ್ಲುತ್ತದೆ? ಸಂವಿಧಾನವು ರಾಜ್ಯಕ್ಕೂ ಸ್ಥಳೀಯ ಸಂಸ್ಥೆಗೂ ಬಾಗಿಲನ್ನು ತೆರೆದಿಟ್ಟಿದೆ. ಕಾಸರಗೋಡಿನಲ್ಲಿರುವ ಅಣ್ಣನು ಅರ್ಧವರ್ಷಕ್ಕೊಮ್ಮೆ ತನ್ನ ನಗರಸಭೆಗೆ ವೃತ್ತಿ ತೆರಿಗೆಯನ್ನು ಕಟ್ಟುತ್ತಾನೆ. ಬೆಂಗಳೂರಿನ ತಮ್ಮನದು 1976ರ ಕಾಯಿದೆಯಂತೆ ಕರ್ನಾಟಕ ಸರಕಾರಕ್ಕೆ, ಬೊರಿವಲಿಯಲ್ಲಿರುವ ತಂಗಿಯದು 1975ರ ಕಾಯಿದೆಯಂತೆ ಮಹಾರಾಷ್ಟ್ರ ಸರಕಾರಕ್ಕೆ ಹೋಗುತ್ತದೆ. ಮಹಾರಾಷ್ಟ್ರದ ಕಾಯಿದೆಗೆ ಒಂದು ಉದಾತ್ತ ಹಿನ್ನೆಲೆಯಿದೆ. 1972ರ ಭೀಕರ ಬರಗಾಲದಲ್ಲಿ ಬೆಳೆದ ಉದ್ಯೋಗ ಖಾತರಿ ಯೋಜನೆಗೆ ಹಣವನ್ನು ಒದಗಿಸುವುದಕ್ಕಾಗಿಯೇ ಈ ತೆರಿಗೆಯು ಹುಟ್ಟಿತು. ವಿ. ಸ. ಪಾಗೆಯವರು ರೂಪಿಸಿದ ಆ ಯೋಜನೆಯು 2005ರ ರಾಷ್ಟ್ರೀಯ ಕಾಯಿದೆಗೆ ಮಾದರಿಯಾಯಿತು. ಮುಂಬಯಿಯ ಕನ್ನಡ ಗುಮಾಸ್ತನ ಸಂಬಳದ ಒಂದಂಶವು ಮರಾಠವಾಡದ ಬರಗೆಟ್ಟ ರೈತನ ಕೂಲಿಯಾಯಿತೆಂಬುದು ನಾವು ಅಭಿಮಾನಪಡಬೇಕಾದ ಸಂಗತಿ. ಆದರೆ ಅದು ನಗರದ ತೆರಿಗೆಯಲ್ಲ.

ಹಾಗಾದರೆ ನಗರದ ತೆರಿಗೆ ಯಾವುದು? 1957ರಲ್ಲಿ ಬೃಹನ್ಮುಂಬಯಿಯ ಎಲ್ಲೆಯು ದಹಿಸರದ ವರೆಗೆ ವಿಸ್ತರಿಸಿ ಬೊರಿವಲಿಯು ನಗರದೊಳಗೆ ಬಂದಿತು. ಅನಂತರದ ದಶಕಗಳಲ್ಲಿ ಪಾಲಿಕೆಯು ಮುಖ್ಯವಾಗಿ ಎರಡು ಕಂಬಗಳ ಮೇಲೆ ನಿಂತಿತ್ತು: ಒಂದು ಆಸ್ತಿ ತೆರಿಗೆ, ಇನ್ನೊಂದು ಜಕಾತಿ. ದಹಿಸರದ ನಾಕೆಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಚನಕಾರ ಸುಂಕದ ಬಂಕಣ್ಣನ ಕಾಯಕವೇ ಎಂಟು ಶತಮಾನಗಳ ಬಳಿಕ ನಮ್ಮ ಉಪನಗರದ ಅಂಚಿನಲ್ಲಿ ನಡೆಯುತ್ತಿತ್ತೆನ್ನಬಹುದು. ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದ 2017ರ ಜುಲೈ 1ರಂದು ಜಕಾತಿಯು ಕೊನೆಗೊಂಡಿತು. ವರ್ಷಕ್ಕೆ ಸುಮಾರು 7,000 ಕೋಟಿ ರೂಪಾಯಿಗಳ ಸ್ವಂತ ಆದಾಯದ ಸ್ಥಾನದಲ್ಲಿ ರಾಜ್ಯ ಸರಕಾರದ ಮಾಸಿಕ ಪರಿಹಾರವು ಬಂದಿತು. ಮೊದಲ ಚೆಕ್ಕು ಸುಮಾರು 647 ಕೋಟಿಯದು. ಲಾರಿಗಳ ಸಾಲು ಕರಗಿದುದು ಲಾಭವೇ ಸರಿ. ಆದರೆ ಹಿಂದೆ ತಾನೇ ವಸೂಲು ಮಾಡುತ್ತಿದ್ದ ಪಾಲಿಕೆಯು ಈಗ ಪಡೆಯುವ ಕೈಯಾಯಿತು. 500 ಚದರಡಿಯೊಳಗಿನ ಮನೆಗಳಿಗೆ 2022ರಲ್ಲಿ ಆಸ್ತಿ ತೆರಿಗೆಯೂ ಮನ್ನಾ ಆಯಿತು.

ನಮ್ಮ ಮಕ್ಕಳು ನೆಲೆಸಿರುವ ಅಮೆರಿಕೆಯಲ್ಲಿ ಬೇರೊಂದು ದಾರಿಯಿದೆ. ಫಿಲಡೆಲ್ಫಿಯ ನಗರವು 1939ರಲ್ಲಿ ಕೂಲಿ ಸಂಬಳಗಳ ಮೇಲೆ ತೆರಿಗೆಯನ್ನು ವಿಧಿಸಿತು. ನ್ಯೂಯಾರ್ಕ್ 1966ರಲ್ಲಿ ಅದನ್ನು ಅನುಸರಿಸಿತು. ಅಲ್ಲಿಯ ನಿವಾಸಿಯು ಒಕ್ಕೂಟಕ್ಕೂ ರಾಜ್ಯಕ್ಕೂ ತೆತ್ತ ಮೇಲೆ ನಗರಕ್ಕೂ ಶೇಕಡಾ ಮೂರರಿಂದ ನಾಲ್ಕರೊಳಗಿನ ದರದಲ್ಲಿ ತೆರಬೇಕು. ನ್ಯೂಜೆರ್ಸಿಯಿಂದ ನಿತ್ಯ ದುಡಿಯಲು ಬರುವವನಿಗೆ ನ್ಯೂಯಾರ್ಕಿನಲ್ಲಿ ಈ ಹೊರೆಯು 1999ರಿಂದೀಚೆಗೆ ಇಲ್ಲ. ಫಿಲಡೆಲ್ಫಿಯವಾದರೋ ಹೊರಗಿನಿಂದ ಬಂದು ದುಡಿಯುವವನನ್ನೂ ಬಿಡದು. ದಹಿಸರದ ಆಚೆ ಮೀರಾ ರೋಡಿನಲ್ಲಿ ಮನೆ ಮಾಡಿ ಮುಂಬಯಿಯಲ್ಲಿ ದುಡಿಯುವ ನಮ್ಮವರಿಗೆ ಈ ವ್ಯತ್ಯಾಸದ ಅರ್ಥ ಸುಲಭವಾಗಿ ಹೊಳೆದೀತು.

ಮತ್ತೊಂದು ತೆರಿಗೆ ಬೇಕೆಂದು ಈ ಲೇಖಕನು ವಾದಿಸುತ್ತಿಲ್ಲ. ಹೇಳಬೇಕಾದುದು ಇಷ್ಟೇ: ಯಾರಿಗೆ ಕೊಡುತ್ತೇವೆಂದು ತಿಳಿದವನು ಲೆಕ್ಕವನ್ನು ಕೇಳುತ್ತಾನೆ. ಪಾಲಿಕೆಯ ಅವಧಿಯು 2022ರ ಮಾರ್ಚಿಯಲ್ಲಿ ಮುಗಿದ ಬಳಿಕ ಮೂರು ವರ್ಷಗಳಿಗೂ ಮಿಕ್ಕಿ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ನಗರವು ನಡೆಯಿತು. ಆ ಕಾಲದಲ್ಲಿ ನಮ್ಮ ಸಭೆಗಳಲ್ಲಿ ಎಷ್ಟು ಜನ ಅದನ್ನು ಕುರಿತು ಮಾತನಾಡಿದೆವು? ನಾವು ಊರಿನ ರಾಜಕೀಯವನ್ನು ಬಲ್ಲೆವು, ದಿಲ್ಲಿಯ ಮುಂಗಡಪತ್ರವನ್ನು ಚರ್ಚಿಸುತ್ತೇವೆ. ನಮಗೆ ನೀರು, ಬೀದಿ, ಆಸ್ಪತ್ರೆಗಳನ್ನು ಕೊಟ್ಟ ನಗರದ ಮುಂಗಡಪತ್ರವನ್ನು ತೆರೆದು ನೋಡುವುದಿಲ್ಲ. ಮುಂದಿನ ಫೆಬ್ರುವರಿಯಲ್ಲಿ ಸಂಬಳದ ಚೀಟಿಯನ್ನು ನೋಡುವಾಗ ಅದನ್ನೂ ಒಮ್ಮೆ ಓದುವ ಅಭ್ಯಾಸವನ್ನು ನಾವು ಬೆಳೆಸಿಕೊಂಡರೆ, ಈ ನಗರದಲ್ಲಿ ನಮ್ಮ ಪೌರತ್ವವು ಹೆಚ್ಚು ಸಾರ್ಥಕವಾದೀತು.