ಸಂದೇಶಕ್ಕೊಂದು ಮೇರೆ: ಮಲ್ಟಿಕಾಸ್ಟ್ ವಿಳಾಸದ ವ್ಯಾಪ್ತಿ ಬೆಳೆದುಬಂದ ಬಗೆ

ಪ್ರಸ್ತಾವನೆ

ಒಂದೆಡೆಯಿಂದ ಹೊರಟ ಮಾಹಿತಿ ಹಲವರಿಗೆ ಒಮ್ಮೆಗೇ ತಲುಪಬೇಕಾದಾಗ ಎರಡು ಪ್ರಶ್ನೆಗಳು ಏಳುತ್ತವೆ. ಅದು ಯಾರಿಗೆ ಬೇಕು? ಎಲ್ಲಿಯವರೆಗೆ ಹೋಗಬೇಕು? ಮೊದಲನೆಯದು ಗುಂಪಿನ ಸದಸ್ಯತ್ವದ ಪ್ರಶ್ನೆ, ಎರಡನೆಯದು ವ್ಯಾಪ್ತಿಯ ಪ್ರಶ್ನೆ. ಕಂಪ್ಯೂಟರ್ ಜಾಲಗಳ ಮಲ್ಟಿಕಾಸ್ಟ್ ಪದ್ಧತಿ ಮೊದಲನೆಯದಕ್ಕೆ 1980ರ ದಶಕದಲ್ಲೇ ಉತ್ತರ ಕೊಟ್ಟಿತು. ಎರಡನೆಯದಕ್ಕೆ ಗಟ್ಟಿ ಉತ್ತರ ಸಿಗಲು 1990ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ದೂರವನ್ನು ಅಳೆದು ಹಾಕಿದ ಮೇರೆ ಆಡಳಿತದ ಮೇರೆಯ ಕೆಲಸ ಮಾಡಲಾರದು ಎಂಬುದು ಈ ಚರಿತ್ರೆಯ ಸಾರ. ಅದನ್ನು ತಿಳಿಯಲು ಗದಗ ಜಿಲ್ಲೆಯ ಮುಂಡರಗಿ ಸೀಮೆ ತಕ್ಕ ಜಾಗ.

ಗಡಿಗಳ ನಡುವಿನ ತಾಲ್ಲೂಕು

ಮುಂಡರಗಿಯ ಪೂರ್ವಕ್ಕೆ ಕೊಪ್ಪಳ ಸೀಮೆ. ದಕ್ಷಿಣಕ್ಕೆ ತುಂಗಭದ್ರೆ, ಹೊಳೆಯಾಚೆ ಹೂವಿನಹಡಗಲಿ. ಸ್ವಾತಂತ್ರ್ಯದ ಹೊತ್ತಿಗೆ ಮುಂಡರಗಿ ಮುಂಬಯಿ ಪ್ರಾಂತಕ್ಕೂ, ಕೊಪ್ಪಳ ನಿಜಾಮರ ಹೈದರಾಬಾದಿಗೂ, ಹಡಗಲಿ ಮದ್ರಾಸಿಗೂ ಸೇರಿದ್ದವು. 1956ರ ಏಕೀಕರಣ ಮೂರನ್ನೂ ಒಂದೇ ರಾಜ್ಯದೊಳಗೆ ತಂದರೂ ಜಿಲ್ಲೆಗಳು ಬೇರೆಯಾಗಿಯೇ ಉಳಿದವು. ಧಾರವಾಡ ಜಿಲ್ಲೆಯಲ್ಲಿದ್ದ ಮುಂಡರಗಿ 1997ರಲ್ಲಿ ಗದಗ ಜಿಲ್ಲೆಗೆ ಬಂತು. ನೆರೆಯ ಊರು ಹತ್ತಿರ, ಅದರ ಕಚೇರಿ ಬೇರೆ ಎಂಬ ಸ್ಥಿತಿ ಇಲ್ಲಿ ಹೊಸದಲ್ಲ.

ಈ ಸ್ಥಿತಿ ಪ್ರಸಾರದ ಚರಿತ್ರೆಯಲ್ಲೂ ಕಾಣುತ್ತದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆಯು ನಾಸಾದ ಎಟಿಎಸ್-6 ಉಪಗ್ರಹ ಬಳಸಿ ಸೈಟ್ ಎಂಬ ಶೈಕ್ಷಣಿಕ ದೂರದರ್ಶನ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ಕಲಬುರಗಿ, ರಾಯಚೂರು ಮತ್ತು ವಿಜಯಪುರ. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಭಾಗ. ಹೀಗಾಗಿ ಅದು ಪ್ರಯೋಗದ ಜಿಲ್ಲೆಯೊಳಗಿತ್ತು, ಪಕ್ಕದ ಮುಂಡರಗಿ ಹೊರಗಿತ್ತು. ಉಪಗ್ರಹದ ಕಿರಣಕ್ಕೆ ಜಿಲ್ಲೆಯ ಗಡಿ ತಿಳಿಯದು. ಯಾವ ಹಳ್ಳಿಯಲ್ಲಿ ತಂತಿಬಲೆಯ ಡಿಶ್ ಮತ್ತು ಟಿವಿ ಇರಬೇಕೆಂಬ ನಿರ್ಧಾರವೇ ನಿಜವಾದ ಗಡಿಯನ್ನು ಎಳೆಯಿತು. ಸಂಕೇತದ ಹರವು ಒಂದು, ಸಂದೇಶದ ವ್ಯಾಪ್ತಿ ಇನ್ನೊಂದು ಎಂಬುದು ಅಲ್ಲೇ ಸ್ಪಷ್ಟವಾಗಿತ್ತು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್ ಉಪಗ್ರಹದಲ್ಲಿ ಇದೇ ಪ್ರಶ್ನೆ ಮತ್ತೆ ಬಂತು. ಅದರಲ್ಲಿ ಇಡೀ ದೇಶಕ್ಕೆ ಒಂದು ಕಿರಣ, ಪ್ರದೇಶಗಳಿಗೆಂದು ಐದು ಕಿರಿಯ ಕಿರಣಗಳಿದ್ದವು. ಪ್ರಾಯೋಗಿಕ ಹಂತದಲ್ಲಿ, ಇನ್ಸಾಟ್-3ಬಿ ಮೂಲಕ, ಪಾಲ್ಗೊಂಡ ಸಂಸ್ಥೆಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ವಿಶ್ವವಿದ್ಯಾಲಯದ ಅಧಿಕಾರ ಕರ್ನಾಟಕಕ್ಕೆ ಸೀಮಿತ. ದಕ್ಷಿಣದ ಕಿರಣ ರಾಜ್ಯದ ಗಡಿಯಲ್ಲಿ ನಿಲ್ಲುವಂಥದಾಗಿರಲಿಲ್ಲ. ಕಿರಣವನ್ನು ಎಷ್ಟು ಕಿರಿದಾಗಿಸಿದರೂ ಅದು ಆಡಳಿತದ ನಕ್ಷೆಗೆ ಸರಿಹೊಂದುವುದಿಲ್ಲ.

ಗುಂಪು ಮೊದಲು, ಮೇರೆ ಆಮೇಲೆ

ಕಂಪ್ಯೂಟರ್ ಜಾಲಗಳಲ್ಲಿ ಗುಂಪಿಗೆ ಸಂದೇಶ ಕಳಿಸುವ ಚಿಂತನೆಗೆ ತಳಪಾಯ ಹಾಕಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀವ್ ಡೀರಿಂಗ್ ಮತ್ತು ಡೇವಿಡ್ ಚೆರಿಟನ್. 1985ರ ಡಿಸೆಂಬರಿನಲ್ಲಿ ಅವರು ಅಂತರ್ಜಾಲದ ತಾಂತ್ರಿಕ ದಾಖಲೆಗಳಲ್ಲೊಂದಾದ ಆರ್‌ಎಫ್‌ಸಿ 966ರಲ್ಲಿ ‘ಹೋಸ್ಟ್ ಗುಂಪು’ ಎಂಬ ಕಲ್ಪನೆ ಮುಂದಿಟ್ಟರು. 1989ರ ಆಗಸ್ಟಿನ ಆರ್‌ಎಫ್‌ಸಿ 1112 ಅದಕ್ಕೆ ಮಾನಕದ ರೂಪ ಕೊಟ್ಟಿತು. 224.0.0.0ರಿಂದ 239.255.255.255ರವರೆಗಿನ ವಿಳಾಸಗಳು ಗುಂಪುಗಳಿಗೆ ಮೀಸಲಾದವು. ಈ ವಿಳಾಸ ಯಾವ ಒಂದು ಯಂತ್ರದ್ದೂ ಅಲ್ಲ. ಬೇಕಾದ ಯಂತ್ರ, ಜಾಲದಲ್ಲಿ ದಾರಿ ತೋರುವ ತನ್ನ ರೌಟರಿಗೆ ತಿಳಿಸಿ ಗುಂಪು ಸೇರುತ್ತದೆ, ಬೇಡವಾದಾಗ ಬಿಡುತ್ತದೆ. ಕಳಿಸುವವರು ಒಂದೇ ಪ್ರತಿ ಕಳಿಸಿದರೆ ಸಾಕು. ದಾರಿ ಕವಲೊಡೆಯುವಲ್ಲಿ ರೌಟರುಗಳೇ ಪ್ರತಿ ತೆಗೆಯುತ್ತವೆ.

1992ರ ಮಾರ್ಚಿನಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ, ಅಂತರ್ಜಾಲದ ಮಾನಕ ರೂಪಿಸುವ ಐಇಟಿಎಫ್ ಸಂಸ್ಥೆಯ ಸಭೆಯ ಮಾತುಕತೆ ಮಲ್ಟಿಕಾಸ್ಟ್ ಮೂಲಕ ಮೂರು ಖಂಡಗಳ 20 ತಾಣಗಳಿಗೆ ಕೇಳಿಸಿತು. ಇದರಿಂದ ಎಂಬೋನ್ ಎಂಬ ಪ್ರಾಯೋಗಿಕ ಜಾಲ ಬೆಳೆಯಿತು. ಒಂದು ವಿಭಾಗದ ಚರ್ಚೆ ಸಾಗರ ದಾಟಿ ಹರಿದು ದುಬಾರಿ ತಂತಿಗಳನ್ನು ತುಂಬದಂತೆ ತಡೆಯುವುದು ಹೇಗೆಂಬ ಪ್ರಶ್ನೆ ಆಗ ತುರ್ತಾಯಿತು.

ಟಿಟಿಎಲ್ ಎಂಬ ಅಳತೆಗೋಲು

ಕೈಗೆ ಸಿಕ್ಕಿದ ಉಪಾಯವೆಂದರೆ ಟಿಟಿಎಲ್. ಮಾಹಿತಿಯ ಪ್ರತಿ ತುಣುಕಿನಲ್ಲಿ, ಅಂದರೆ ಪ್ಯಾಕೆಟ್ಟಿನಲ್ಲಿ, ಇರುವ ಈ ಸಂಖ್ಯೆ ಒಂದೊಂದು ರೌಟರ್ ದಾಟಿದಾಗಲೂ ಒಂದರಂತೆ ಇಳಿಯುತ್ತದೆ, ಸೊನ್ನೆಯಾದಾಗ ಪ್ಯಾಕೆಟ್ ಅಳಿಯುತ್ತದೆ. ಗಡಿಯ ರೌಟರುಗಳಲ್ಲಿ ಒಂದು ಕನಿಷ್ಠ ಮಿತಿ ಇಟ್ಟು, ಅದಕ್ಕಿಂತ ಕಡಿಮೆ ಟಿಟಿಎಲ್ ಉಳಿದ ಪ್ಯಾಕೆಟ್ಟನ್ನು ಹೊರಗೆ ಬಿಡದಂತೆ ಮಾಡಿದರು. 1 ಎಂದರೆ ಅದೇ ಉಪಜಾಲ, 32 ಒಂದು ತಾಣ, 64 ಒಂದು ಪ್ರದೇಶ, 128 ಒಂದು ಖಂಡ, 255 ಇಡೀ ಜಗತ್ತು ಎಂಬ ರೂಢಿ ಬೆಳೆಯಿತು.

ಇದರಲ್ಲಿ ಎರಡು ದೋಷಗಳಿದ್ದವು. ಮೊದಲನೆಯದಾಗಿ, ಒಂದೇ ಸಂಖ್ಯೆ ಎರಡು ಕೆಲಸ ಹೊತ್ತಿತ್ತು. ಪ್ಯಾಕೆಟ್ ಸುತ್ತುತ್ತಲೇ ಇರದಂತೆ ತಡೆಯುವುದು ಅದರ ಮೂಲ ಕೆಲಸ. ಗಡಿ ಕಾಯುವುದು ಮೇಲೆ ಹೇರಿದ್ದು. ಜಾಲದಲ್ಲಿ ಎಣಿಕೆಗೆ ಬರುವುದು ರಸ್ತೆಯ ದೂರವಲ್ಲ, ದಾರಿಯಲ್ಲಿ ಸಿಗುವ ರೌಟರುಗಳು. ಮುಂಡರಗಿಯಿಂದ ಹೊರಟ ಪ್ಯಾಕೆಟ್ ಜಿಲ್ಲಾಕೇಂದ್ರ ಗದಗಕ್ಕೆ ಹೋಗುವಾಗ ದಾಟುವ ರೌಟರುಗಳಿಗಿಂತ ಕೊಪ್ಪಳಕ್ಕೆ ಹೋಗುವಾಗ ಕಡಿಮೆ ರೌಟರ್ ದಾಟುವಂತೆ ಜಾಲ ಕಟ್ಟಿದ್ದರೆ, ಬರಿಯ ಎಣಿಕೆಯಿಂದ ಗದಗ ಜಿಲ್ಲೆಯನ್ನು ಬೇರ್ಪಡಿಸಲಾಗದು.

ಎರಡನೆಯ ದೋಷ ಇನ್ನೂ ಆಳದ್ದು. ಮಲ್ಟಿಕಾಸ್ಟ್ ದಾರಿಗಳನ್ನು ಗೊತ್ತುಮಾಡುವ ಅಂದಿನ ಡಿವಿಎಂಆರ್‌ಪಿ ಪದ್ಧತಿಯಲ್ಲಿ, ಗುಂಪಿನ ಸದಸ್ಯರಿಲ್ಲದ ದಿಕ್ಕಿನ ರೌಟರ್ ‘ನನಗೆ ಕಳಿಸಬೇಡಿ’ ಎಂದು ಮೇಲಿನ ರೌಟರಿಗೆ ತಿಳಿಸಿ ಆ ಕವಲನ್ನು ಕತ್ತರಿಸುತ್ತಿತ್ತು. ಆದರೆ ಟಿಟಿಎಲ್ ಸಾಲದೆಂದು ಪ್ಯಾಕೆಟ್ ಬಿಸುಟ ರೌಟರ್ ಹಾಗೆ ಹೇಳುವಂತಿರಲಿಲ್ಲ. ಏಕೆಂದರೆ ಅದೇ ಮೂಲದಿಂದ ಹೆಚ್ಚಿನ ಟಿಟಿಎಲ್ ಹೊತ್ತ ಪ್ಯಾಕೆಟ್ ಮುಂದೆ ಬರಬಹುದಿತ್ತು. ಹೀಗಾಗಿ ಯಾರಿಗೂ ಬೇಡದ ಮಾಹಿತಿ ಗಡಿಯವರೆಗೆ ಹರಿದು ಅಲ್ಲಿ ವ್ಯರ್ಥವಾಗುತ್ತಿತ್ತು.

ವಿಳಾಸದೊಳಗೇ ಬರೆದ ಗಡಿ

1998ರ ಜುಲೈನಲ್ಲಿ ಡೇವಿಡ್ ಮೇಯರ್ ಬರೆದ ಆರ್‌ಎಫ್‌ಸಿ 2365 ಗಡಿಯನ್ನು ವಿಳಾಸಕ್ಕೇ ಕಟ್ಟಿತು. 239ರಿಂದ ಶುರುವಾಗುವ ವಿಳಾಸಗಳು ಆಡಳಿತಾತ್ಮಕ ವ್ಯಾಪ್ತಿಯವು ಎಂದಾಯಿತು. 239.255ರ ಸರಣಿ ಅತಿ ಕಿರಿಯ ಸ್ಥಳೀಯ ವಲಯಕ್ಕೆ, 239.192ರಿಂದ 239.195ರವರೆಗಿನದು ಸಂಸ್ಥೆಯೊಂದಕ್ಕೆ. ಗಡಿಯ ರೌಟರ್ ಆ ಸರಣಿಯ ಪ್ಯಾಕೆಟ್ಟನ್ನು ಒಳಗಿನಿಂದ ಹೊರಗೂ ಹೊರಗಿನಿಂದ ಒಳಗೂ ಬಿಡುವುದಿಲ್ಲ. ಟಿಟಿಎಲ್ ತನ್ನ ಮೂಲ ಕೆಲಸಕ್ಕೆ ಮರಳಿತು. ಇದರ ದೊಡ್ಡ ಲಾಭ ಮರುಬಳಕೆ: ಎರಡು ವಲಯಗಳು ಒಂದೇ ವಿಳಾಸ ಬಳಸಿದರೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸದು.

ಅಂತರ್ಜಾಲ ವಿಳಾಸದ ಹೊಸ ಪದ್ಧತಿಯಾದ ಐಪಿವಿ6 ಇನ್ನೂ ಮುಂದೆ ಹೋಯಿತು. ಬಾಬ್ ಹಿಂಡೆನ್ ಮತ್ತು ಡೀರಿಂಗ್ 1995ರ ಡಿಸೆಂಬರಿನಲ್ಲಿ ಬರೆದ ಆರ್‌ಎಫ್‌ಸಿ 1884ರಲ್ಲೇ ವ್ಯಾಪ್ತಿಗೆಂದು 4 ಬಿಟ್‌ಗಳ ಸ್ಥಳ ಇತ್ತು. ಈ ವಿನ್ಯಾಸ 2006ರ ಆರ್‌ಎಫ್‌ಸಿ 4291ರಲ್ಲಿ ಈಗಿನ ರೂಪ ಪಡೆಯಿತು. ವಿಳಾಸ ಎಫ್‌ಎಫ್ ಎಂದು ಆರಂಭವಾಗುತ್ತದೆ. ನಾಲ್ಕನೆಯ ಅಂಕೆಯೇ ವ್ಯಾಪ್ತಿ. 1 ಎಂದರೆ ಯಂತ್ರದ ಒಂದೇ ಇಂಟರ್‌ಫೇಸ್, 2 ಒಂದೇ ಕೊಂಡಿ, 4 ಆಡಳಿತ ಗುರುತಿಸಿದ ಅತಿ ಕಿರಿಯ ವಲಯ, 5 ತಾಣ, 8 ಸಂಸ್ಥೆ, 14 (ಹದಿನಾರರ ಎಣಿಕೆಯಲ್ಲಿ ‘ಇ’ ಎಂಬ ಒಂದೇ ಅಂಕೆ) ಜಗತ್ತು. 2014ರ ಆಗಸ್ಟಿನ ಆರ್‌ಎಫ್‌ಸಿ 7346 ಕಾಯ್ದಿರಿಸಿದ್ದ 3ನ್ನು ‘ರಿಯಲ್ಮ್’ ವ್ಯಾಪ್ತಿಗೆ ಕೊಟ್ಟಿತು. 1ರಿಂದ 3ರವರೆಗಿನ ಗಡಿಗಳನ್ನು ಜಾಲದ ಭೌತಿಕ ಜೋಡಣೆಯಂಥವು ತಾವಾಗಿ ನಿರ್ಧರಿಸುತ್ತವೆ, 4 ಮತ್ತು ಅದಕ್ಕೆ ಮೇಲ್ಪಟ್ಟ ಗಡಿಗಳನ್ನು ಮನುಷ್ಯರೇ ಎಳೆಯಬೇಕು, 14ಕ್ಕೆ ಗಡಿಯಿಲ್ಲ. ಭೌತಿಕ ಮೇರೆಗೂ ಆಡಳಿತದ ಮೇರೆಗೂ ಒಂದೇ ಚೌಕಟ್ಟಿನಲ್ಲಿ ಬೇರೆ ಬೇರೆ ಸ್ಥಾನ ದೊರೆತದ್ದು ಇಲ್ಲಿ.

2005ರ ಆರ್‌ಎಫ್‌ಸಿ 4007 ಎರಡು ನಿಯಮ ಸೇರಿಸಿತು: ಒಂದೇ ವ್ಯಾಪ್ತಿಯ ಎರಡು ವಲಯಗಳು ಒಂದರ ಮೇಲೊಂದು ಬೀಳಬಾರದು, ಕಿರಿಯ ವಲಯ ಹಿರಿಯ ವಲಯದೊಳಗೆ ಪೂರ್ತಿ ಅಡಗಿರಬೇಕು. ಡಂಬಳ ಹೋಬಳಿ ಮುಂಡರಗಿ ತಾಲ್ಲೂಕಿನಲ್ಲಿ, ಮುಂಡರಗಿ ಗದಗ ಜಿಲ್ಲೆಯಲ್ಲಿ ಅಡಗಿರುವ ಕ್ರಮವೂ ಇದೇ. ಪ್ರತಿ ತಾಲ್ಲೂಕನ್ನೂ ಒಂದು ತಾಣವೆಂದು ಗುರುತಿಸಿದರೆ, ಮುಂಡರಗಿ ಮತ್ತು ಶಿರಹಟ್ಟಿಗಳೆರಡೂ ಎಫ್‌ಎಫ್15::101 ಎಂಬ ತಾತ್ಕಾಲಿಕ ವಿಳಾಸವನ್ನು ಬೇರೆ ಬೇರೆ ತರಬೇತಿಗೆ ನಿಶ್ಚಿಂತೆಯಿಂದ ಬಳಸಬಹುದು.

ಇಂದಿನ ಸ್ಥಿತಿ

2020ರ ಆಗಸ್ಟಿನ ಆರ್‌ಎಫ್‌ಸಿ 8815, ಬೇರೆ ಬೇರೆ ಆಡಳಿತದ ಜಾಲಗಳ ನಡುವೆ ಯಾರು ಬೇಕಾದರೂ ಕಳಿಸಬಹುದಾದ ಮಲ್ಟಿಕಾಸ್ಟ್ ಬೇಡವೆಂದಿತು. ಗಡಿಯೊಳಗಿನ ಮಲ್ಟಿಕಾಸ್ಟ್ ಮಾತ್ರ ಎಲ್ಲೆಡೆ ಬದುಕಿದೆ. ಝೆರಾಕ್ಸ್ ಅಂಗಡಿಯ ವೈಫೈಗೆ ಸೇರಿದ ಮೊಬೈಲು ಅಲ್ಲಿನ ಪ್ರಿಂಟರನ್ನು ತಾನೇ ಹುಡುಕಿಕೊಳ್ಳುವುದು ಸಾಮಾನ್ಯವಾಗಿ 224.0.0.251 ಅಥವಾ ಎಫ್‌ಎಫ್02::ಎಫ್‌ಬಿ ಎಂಬ ಗುಂಪಿನ ಮೂಲಕ. ಆ ಪ್ರಶ್ನೆ ಪಕ್ಕದ ಅಂಗಡಿಯ ಜಾಲಕ್ಕೆ ಹೋಗದಿರುವುದು ವ್ಯಾಪ್ತಿಯ ಗುಣ.

ಆದರೆ ವ್ಯಾಪ್ತಿಯನ್ನು ಭದ್ರತೆ ಎಂದು ತಿಳಿಯಬಾರದು. ಗಡಿಯ ರೌಟರನ್ನು ಸರಿಯಾಗಿ ಹೊಂದಿಸದಿದ್ದರೆ ವಿಳಾಸದ ಅಂಕೆ ಏನನ್ನೂ ತಡೆಯದು. ಗುಟ್ಟಿನ ಮಾಹಿತಿಗೆ ಗೂಢಲಿಪೀಕರಣ ಬೇಕೇ ಬೇಕು.

ಈ ಪಾಠ ನಮ್ಮ ಹಳ್ಳಿಗಳಿಗೂ ಬೇಕು. 2011ರಲ್ಲಿ ಮಂಜೂರಾಗಿ ಈಗ ಭಾರತ್‌ನೆಟ್ ಎನಿಸಿಕೊಂಡಿರುವ ಯೋಜನೆಯ ಗುರಿ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವುದು. ತಂತಿ ಎಲ್ಲಿಯವರೆಗೆ ಹೋಗಿದೆ ಎಂದು ಮಾತ್ರ ನೋಡಿದರೆ ಟಿಟಿಎಲ್ ಕಾಲದ ತಪ್ಪು ಮರುಕಳಿಸುತ್ತದೆ. ಪಂಚಾಯಿತಿ, ಹೋಬಳಿ, ತಾಲ್ಲೂಕು, ಜಿಲ್ಲೆಗಳಲ್ಲಿ ಯಾವ ಮಾಹಿತಿ ಎಲ್ಲಿ ನಿಲ್ಲಬೇಕೆಂಬುದನ್ನು ಅಲ್ಲಿನ ಆಡಳಿತ ತಿಳಿದವರು ಮೊದಲು ಬರೆದುಕೊಡಬೇಕು. ರೌಟರುಗಳ ಜೋಡಣೆ ಅದನ್ನು ಅನುಸರಿಸಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮದೇ ತಾಲ್ಲೂಕಿಗೆ ಇಂಥದೊಂದು ವ್ಯಾಪ್ತಿ ನಕ್ಷೆ ಸಿದ್ಧಪಡಿಸುವುದನ್ನು ಪಾಠದ ಭಾಗವಾಗಿಸಬೇಕು.